ದೀರ್ಘಕಾಲ ಆಳಿದ ದೊರೆ ತೀರಿಕೊಂಡಾಗ ಜನ ಏನು ಮಾಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಹೆಚ್ಚಿನ ಉತ್ತರಗಳು ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿಯ ಸಾವಿನ ಸುತ್ತ ಇವೆ. 70 ವರ್ಷ 214 ದಿನ ಆಳಿದ ಅವರು 2022ರ ಸೆಪ್ಟೆಂಬರ್ 8ರಂದು ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಹೋಲಿಸಿ ನೋಡಬೇಕಾದ ಕಡೆ ಥಾಯ್ಲೆಂಡಿನ ದೊರೆ ಭೂಮಿಬೋಲ್ ಮತ್ತು ಜಪಾನಿನ ಚಕ್ರವರ್ತಿ ಹಿರೋಹಿತೊ ಅವರ ಸಾವಿನ ಸಂದರ್ಭವನ್ನೂ ತಂದಿದ್ದೇವೆ.

ಸುದ್ದಿ ಅಧಿಕೃತವಾಗುವ ಮೊದಲೇ ಜನ ಅರಮನೆಯ ಮುಂದೆ ಹೇಗೆ ಸೇರಿದರು?

ಸುದ್ದಿ ಎರಡು ಹಂತದಲ್ಲಿ ಬಂತು. ರಾಣಿಯ ಆರೋಗ್ಯದ ಬಗ್ಗೆ ವೈದ್ಯರಿಗೆ ಕಳವಳವಿದೆ ಎಂದು ಮಧ್ಯಾಹ್ನ 12.30ರ ಸುಮಾರಿಗೆ ಅರಮನೆ ಹೇಳಿಕೆ ಕೊಟ್ಟಿತು. ಇಂಥ ಹೇಳಿಕೆ ಕೊಡುವುದೇ ಅಪರೂಪವಾದ್ದರಿಂದ ಜನರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಬಿಸಿ ತನ್ನ ಮಾಮೂಲಿ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಕುಟುಂಬದವರು ಬಾಲ್ಮೋರಲ್‌ಗೆ ಹೊರಟರು. ಮರಣ ಪ್ರಮಾಣಪತ್ರದ ಪ್ರಕಾರ ಸಾವು ಸಂಭವಿಸಿದ್ದು 3.10ಕ್ಕೆ, ಪ್ರಕಟಿಸಿದ್ದು ಸಂಜೆ 6.30ಕ್ಕೆ. ಅಷ್ಟರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಮಳೆಯಲ್ಲೇ ಜನ ಕೊಡೆ ಹಿಡಿದು ನಿಂತಿದ್ದರು. ಚೌಕಟ್ಟು ಹಾಕಿದ ಸೂಚನಾ ಪತ್ರವನ್ನು ಗೇಟಿಗೆ ತೂಗುಹಾಕಿದಾಗ ಅದನ್ನು ಕಣ್ಣಾರೆ ನೋಡಲು ನೂಕುನುಗ್ಗಲಾಯಿತು. ಎಲ್ಲರ ಕೈಯಲ್ಲೂ ಮೊಬೈಲ್ ಇದ್ದ ಕಾಲದಲ್ಲೂ ಸಾವಿನ ಸುದ್ದಿಯನ್ನು ಒಂದು ಹಾಳೆಯ ಮೇಲೆ ಓದಬೇಕು ಎಂದು ಜನಕ್ಕೆ ಅನ್ನಿಸಿದ್ದು ಗಮನಿಸಬೇಕಾದ ಸಂಗತಿ. ಅರಮನೆಗೆ ಹೋಗುವ 'ದ ಮಾಲ್' ರಸ್ತೆಯಲ್ಲಿ ಲಂಡನ್ನಿನ ಕಪ್ಪು ಟ್ಯಾಕ್ಸಿಗಳು ತಾವಾಗಿ ಸಾಲುಗಟ್ಟಿ ನಿಂತವು. ಅದಕ್ಕೆ ಯಾರ ಆದೇಶವೂ ಇರಲಿಲ್ಲ.

ಎಂದೂ ಮುಖತಃ ಕಾಣದವರಿಗಾಗಿ ಜನ ಯಾಕೆ ಅಳುತ್ತಾರೆ?

ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಕನಿಷ್ಠ ಮೂರು ಸಂಗತಿಗಳು ಇಲ್ಲಿ ಹೆಣೆದುಕೊಂಡಿರುತ್ತವೆ.

ಮೊದಲನೆಯದು ಬರೀ ಕಾಲದ ಲೆಕ್ಕ. ಎಲಿಜಬೆತ್ ಸಿಂಹಾಸನಕ್ಕೆ ಬಂದದ್ದು 1952ರ ಫೆಬ್ರವರಿ 6ರಂದು. ಚರ್ಚಿಲ್‌ನಿಂದ ಲಿಜ್ ಟ್ರಸ್‌ವರೆಗೆ 15 ಪ್ರಧಾನಿಗಳು ಅವರ ಕಾಲದಲ್ಲಿ ಬಂದರು. ಎಪ್ಪತ್ತು ದಾಟಿದವರನ್ನು ಬಿಟ್ಟರೆ ಆ ದೇಶದಲ್ಲಿ ಉಳಿದ ಯಾರಿಗೂ ಬೇರೊಬ್ಬ ದೊರೆಯ ಅನುಭವವೇ ಇರಲಿಲ್ಲ. ನಾಣ್ಯ, ನೋಟು, ಅಂಚೆಚೀಟಿ, ಕ್ರಿಸ್ಮಸ್ ದಿನದ ಭಾಷಣ, ಹೀಗೆ ನೋಡಿಯೂ ನೋಡದಂತಿದ್ದ ಮುಖ ಅದು. ಮನೆಯ ಗೋಡೆ ಗಡಿಯಾರದ ಸದ್ದು ನಿಂತಾಗಲೇ ಅಷ್ಟು ದಿನ ಅದು ಕೇಳುತ್ತಿತ್ತು ಎಂಬುದು ಅರಿವಾಗುವ ಹಾಗೆ.

ಎರಡನೆಯದು ಸ್ವಂತ ಮನೆಯ ಸಾವು. ಅಜ್ಜಿಯನ್ನು, ತಾಯಿಯನ್ನು ಕಳೆದುಕೊಂಡವರಿಗೆ ಸಾರ್ವಜನಿಕ ಸಾವು ಹಳೆಯ ಗಾಯವನ್ನು ಮತ್ತೆ ಕೆದಕುತ್ತದೆ. 2022ರಲ್ಲಿ ಇದು ಇನ್ನೂ ತೀವ್ರವಾಗಿತ್ತು. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಸರಿಯಾದ ಅಂತ್ಯಕ್ರಿಯೆಯೇ ಆಗಿರಲಿಲ್ಲ. 2021ರ ಏಪ್ರಿಲ್ 17ರಂದು ಪತಿ ಫಿಲಿಪ್ ಅವರ ಅಂತ್ಯಕ್ರಿಯೆಯಲ್ಲಿ, 30 ಮಂದಿಯ ಮಿತಿಯೊಳಗೆ, ಮಾಸ್ಕ್ ಹಾಕಿ ಒಬ್ಬರೇ ಕೂತಿದ್ದ ರಾಣಿಯ ಚಿತ್ರ ಜನರ ಮನಸ್ಸಿನಲ್ಲಿ ಉಳಿದಿತ್ತು. ತಮ್ಮವರಿಗೆ ಸಲ್ಲಿಸಲಾಗದ ವಿದಾಯವನ್ನು ಅನೇಕರು ಇಲ್ಲಿ ಸಲ್ಲಿಸಿದರು.

ಮೂರನೆಯದು ಜೊತೆಗಿರುವ ಆಸೆ. ಸಾಲಿನಲ್ಲಿ ನಿಂತವರೆಲ್ಲ ರಾಜಭಕ್ತರಲ್ಲ. ಚರಿತ್ರೆಯ ಒಂದು ಗಳಿಗೆಗೆ ಸಾಕ್ಷಿಯಾಗಲು ಬಂದವರು, ತೀರಿಹೋದ ತಂದೆತಾಯಿಯ ಪರವಾಗಿ ಬಂದವರು, ಗೆಳೆಯರ ಜೊತೆ ಬಂದವರು, ಬರೀ ಕುತೂಹಲದಿಂದ ಬಂದವರು ಎಲ್ಲರೂ ಇದ್ದರು. ದೊಡ್ಡ ಜನಸಂದಣಿ ನೋಡಿ ಇಡೀ ದೇಶದ ಅಭಿಪ್ರಾಯ ಇದೇ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ.

ರಾಷ್ಟ್ರೀಯ ಶೋಕಾಚರಣೆ ಎಂದರೆ ಎಲ್ಲ ಮುಚ್ಚಲೇಬೇಕೆ?

ಬ್ರಿಟನ್ನಿನಲ್ಲಿ ಹಾಗಿರಲಿಲ್ಲ. ಶೋಕಾಚರಣೆ ಅಂತ್ಯಕ್ರಿಯೆಯ ದಿನವಾದ ಸೆಪ್ಟೆಂಬರ್ 19ರವರೆಗೆ ನಡೆಯಿತು. ರಾಜಮನೆತನದ ಶೋಕ ಅದಾದ ಮೇಲೂ 7 ದಿನ ಮುಂದುವರಿಯಿತು. ವ್ಯಾಪಾರ ನಿಲ್ಲಿಸಬೇಕೆಂಬ ಕಡ್ಡಾಯವಿಲ್ಲ, ಕಾರ್ಯಕ್ರಮ ರದ್ದು ಮಾಡುವುದು ಬಿಡುವುದು ಸಂಘಟಕರಿಗೆ ಬಿಟ್ಟದ್ದು ಎಂದು ಸರ್ಕಾರದ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳಿತ್ತು.

ಹಾಗಿದ್ದರೂ ಅಷ್ಟೊಂದು ರದ್ದಾದದ್ದು ಯಾಕೆ?

ನಿರ್ಧಾರವನ್ನು ಸಂಸ್ಥೆಗಳಿಗೆ ಬಿಟ್ಟಾಗ ಭಯವೇ ನಿರ್ಧರಿಸುತ್ತದೆ. ನಡೆಸಿದರೆ ಅಗೌರವ ಎನ್ನುತ್ತಾರೇನೋ, ಹಾಗಾಗಿ ನಿಲ್ಲಿಸುವುದೇ ಸುರಕ್ಷಿತ ಎಂಬ ಲೆಕ್ಕ. ಸೆಪ್ಟೆಂಬರ್ 10 ಮತ್ತು 11ರ ಫುಟ್ಬಾಲ್ ಪಂದ್ಯಗಳನ್ನು, ಊರಿನ ಮಕ್ಕಳ ಪಂದ್ಯಗಳನ್ನೂ ಸೇರಿಸಿ, ಮುಂದೂಡಲಾಯಿತು. ಅದೇ ಶನಿವಾರ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಟೆಸ್ಟ್ ಒಂದು ದಿನದ ಬಿಡುವಿನ ನಂತರ ಮುಂದುವರಿಯಿತು. ಪ್ರೇಕ್ಷಕರು ಮೌನವಾಗಿ ನಿಂತರು, 'ರಾಣಿ'ಯ ಜಾಗದಲ್ಲಿ 'ದೊರೆ' ಎಂದು ಬದಲಾದ ರಾಷ್ಟ್ರಗೀತೆಯನ್ನು ಹಾಡಿದರು, ಆಮೇಲೆ ಆಟ ನಡೆಯಿತು. ನಮ್ಮ ಅಭಿಪ್ರಾಯದಲ್ಲಿ ಕ್ರಿಕೆಟ್‌ನವರು ಮಾಡಿದ್ದೇ ಸರಿ. ಸಾವಿರಾರು ಜನ ಒಟ್ಟಿಗೆ ನಿಂತು ಗೌರವ ಸಲ್ಲಿಸಬಹುದಾದ ಜಾಗವನ್ನು ಮುಚ್ಚಿದರೆ ಜನ ಶೋಕಿಸುವುದಾದರೂ ಎಲ್ಲಿ?

ನಿಜವಾದ ತೊಂದರೆಯಾದದ್ದು ಅಂತ್ಯಕ್ರಿಯೆಯ ಸೋಮವಾರ. ಅಂದು ಸಾರ್ವಜನಿಕ ರಜೆ ಘೋಷಿಸಿದ್ದರಿಂದ ಆಸ್ಪತ್ರೆಗಳಲ್ಲಿ ಮೊದಲೇ ಗೊತ್ತಾಗಿದ್ದ ತಪಾಸಣೆ, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಕೆಲವು ಕುಟುಂಬಗಳು ತಮ್ಮವರ ಅಂತ್ಯಕ್ರಿಯೆಯನ್ನೇ ಮುಂದೂಡಬೇಕಾಯಿತು. ಬಡವರಿಗೆ ಆಹಾರ ಹಂಚುವ ಕೆಲವು ಕೇಂದ್ರಗಳು ಮುಚ್ಚುವುದಾಗಿ ಹೇಳಿ, ಜನ ಪ್ರಶ್ನಿಸಿದ ಮೇಲೆ ಮನಸ್ಸು ಬದಲಿಸಿದವು. ಒಂದು ರಜಾಧಾಮ ಸಂಸ್ಥೆ ಅಂದು ತನ್ನ ಅತಿಥಿಗಳನ್ನೇ ಒಂದು ದಿನದ ಮಟ್ಟಿಗೆ ಹೊರಗೆ ಕಳಿಸಲು ಹೊರಟು, ಕೋಪ ಎದುರಿಸಿ ಹಿಂದೆ ಸರಿಯಿತು. ಸಂಘಟಕರಿಗೆ ನಮ್ಮ ಸಲಹೆ ಇಷ್ಟು: ನಿಲ್ಲಿಸುವ ಮೊದಲು, ಇದರಿಂದ ಯಾರಿಗೆ ಏನು ಸಿಗದೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಔಷಧ, ಅನ್ನ, ಇನ್ನೊಬ್ಬರ ಮನೆಯ ಸಾವು ಇದ್ದರೆ ನಿಲ್ಲಿಸಬೇಡಿ.

ಲಂಡನ್ನಿನ ಆ ಪ್ರಸಿದ್ಧ ಸರತಿ ಸಾಲು ಹೇಗೆ ನಡೆಯಿತು?

ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಅಂತಿಮ ದರ್ಶನ ಸೆಪ್ಟೆಂಬರ್ 14ರ ಸಂಜೆ 5ಕ್ಕೆ ಶುರುವಾಗಿ 19ರ ಬೆಳಗ್ಗೆ 6.30ಕ್ಕೆ ಮುಗಿಯಿತು. ನಡುವೆ ರಾತ್ರಿಯೂ ಬಿಡುವಿರಲಿಲ್ಲ. ಸರ್ಕಾರದ ಅಂದಾಜಿನಂತೆ ಸುಮಾರು 2.5 ಲಕ್ಷ ಜನ ಒಳಗೆ ಹೋಗಿ ಬಂದರು. ಇದು ದೊಡ್ಡ ಸಂಖ್ಯೆಯೇ, ಆದರೆ ದಾಖಲೆಯಲ್ಲ. ಅವರ ತಂದೆ ಆರನೇ ಜಾರ್ಜ್ 1952ರಲ್ಲಿ ತೀರಿಕೊಂಡಾಗ 3 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು, 1965ರಲ್ಲಿ ಚರ್ಚಿಲ್‌ಗೂ ಅಷ್ಟೇ.

ಸಾಲನ್ನು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಹಾಯಿಸಿದ್ದರು. ಗರಿಷ್ಠ ಉದ್ದ 10 ಮೈಲಿ ಎಂದು ಮೊದಲೇ ಲೆಕ್ಕ ಹಾಕಿದ್ದರು: ಸದರ್ಕ್ ಉದ್ಯಾನದವರೆಗೆ ಸುಮಾರು 7 ಮೈಲಿ ನೇರ ಸಾಲು, ಮಿಕ್ಕ 3 ಮೈಲಿ ಉದ್ಯಾನದೊಳಗೆ ಹಾವಿನಂತೆ ಸುತ್ತುವ ಸಾಲು. ಉದ್ದ ಸಾಲಿಗೆ ನದಿಯ ದಂಡೆ ಒಳ್ಳೆಯ ಜಾಗ, ಯಾಕೆಂದರೆ ಅಲ್ಲಿ ವಾಹನಗಳ ಕಾಟ ಕಡಿಮೆ ಮತ್ತು ಒಂದು ಬದಿಯಿಂದ ಯಾರೂ ನುಸುಳಲಾರರು.

ಸಾಲಿನ ಜೀವಾಳ ಕೈಗೆ ಕಟ್ಟುವ ಬಣ್ಣದ ಪಟ್ಟಿ. ಪ್ರತಿ ಪಟ್ಟಿಯ ಮೇಲೂ ಸಂಖ್ಯೆ ಇತ್ತು. ಶೌಚಾಲಯಕ್ಕೋ ಚಹಾಕ್ಕೋ ಹೋಗಿ ಮತ್ತೆ ತಮ್ಮ ಜಾಗಕ್ಕೆ ಬರಲು ಇದರಿಂದ ಸಾಧ್ಯವಾಯಿತು. ಪಟ್ಟಿ ಇಲ್ಲದಿದ್ದರೆ ಜಾಗ ಹೋಗುವ ಹೆದರಿಕೆಯಿಂದ ಜನ ಕದಲುವುದಿಲ್ಲ, ನೀರು ಕುಡಿಯುವುದಿಲ್ಲ, ತಲೆ ಸುತ್ತಿ ಬೀಳುತ್ತಾರೆ. ಜಗಳಗಳೂ ಅಲ್ಲೇ ಹುಟ್ಟುತ್ತವೆ. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ ಎಂದೂ ಮೊದಲೇ ತಿಳಿಸಿದ್ದರು.

ಚೀಲದ ನಿಯಮ ಬಿಗಿಯಾಗಿತ್ತು. ಒಬ್ಬರಿಗೆ ಒಂದೇ ಸಣ್ಣ ಚೀಲ, 40×30×20 ಸೆಂಟಿಮೀಟರ್ ಒಳಗೆ. ವಿಮಾನ ನಿಲ್ದಾಣದ ಮಾದರಿಯ ತಪಾಸಣೆ. ಹೂ, ಮೇಣದಬತ್ತಿ, ಗೊಂಬೆ, ತಿಂಡಿ ಯಾವುದೂ ಒಳಗೆ ಹೋಗುವಂತಿರಲಿಲ್ಲ. ಇಲ್ಲಿ ಒಂದು ವಿರೋಧಾಭಾಸವಿದೆ: ಹತ್ತಾರು ಗಂಟೆ ನಿಲ್ಲುವವರು ಊಟ, ನೀರು, ಬೆಚ್ಚನೆ ಬಟ್ಟೆ ತರಲೇಬೇಕು, ಕೊನೆಯಲ್ಲಿ ತಿಂಡಿ ಎಲ್ಲವನ್ನೂ ಬಿಡಲೇಬೇಕು. ಹಾಗಾಗಿ ಪದರ ಪದರವಾಗಿ ಮೈಮೇಲೇ ಬಟ್ಟೆ ಹಾಕಿಕೊಂಡು, ತಿಂಡಿಯನ್ನು ಲೆಕ್ಕ ಮಾಡಿ ತಂದವರೇ ಜಾಣರು.

ಸಾಲಿನಲ್ಲಿ ಏನೇನು ಎಡವಟ್ಟಾಯಿತು?

ಸಾಲಿನ ತುದಿ ಎಲ್ಲಿದೆ ಎಂದು ತಿಳಿಸಲು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಇಟ್ಟಿದ್ದು ಒಳ್ಳೆಯ ಯೋಚನೆ. ಆದರೆ ಜಾಗ ಗುರುತಿಸಲು, ಪ್ರತಿ ಜಾಗಕ್ಕೂ ಮೂರು ಪದಗಳ ಹೆಸರು ಕೊಡುವ ಆ್ಯಪ್‌ನಿಂದ ಪಡೆದ ವಿಳಾಸ ಶುರುವಿನಲ್ಲಿ ತಪ್ಪಾಯಿತು. ಒಂದು ಅಕ್ಷರ ಆಚೀಚೆಯಾದರೂ ಆ ವಿಳಾಸ ಇನ್ನೆಲ್ಲೋ ತೋರಿಸುತ್ತದೆ. ಒಂದು ವಿಳಾಸವಂತೂ ಅಮೆರಿಕದ ಕ್ಯಾಲಿಫೋರ್ನಿಯಾ ತೋರಿಸಿತು. ಜನರಿಗೆ ಸುಲಭವಾದದ್ದು ಸೇತುವೆ, ಉದ್ಯಾನ, ರೈಲು ನಿಲ್ದಾಣದ ಹೆಸರು.

ಎರಡನೆಯದು ವಿರಾಮದ ಸಮಸ್ಯೆ. ಶುಕ್ರವಾರ, 16ರಂದು, ಸಾಲು ಸದರ್ಕ್ ಉದ್ಯಾನ ಮುಟ್ಟಿ ಭರ್ತಿಯಾದಾಗ ಹೊಸಬರು ಬರುವುದನ್ನು ನಿಲ್ಲಿಸಿದರು. ಆದರೆ ಜನ ಬರುವುದನ್ನು ನಿಲ್ಲಿಸಲಿಲ್ಲ, ಗೇಟಿನ ಹೊರಗೆ ಇನ್ನೊಂದು ಸಾಲು ತಾನಾಗಿ ಹುಟ್ಟಿಕೊಂಡಿತು. ಆ ರಾತ್ರಿ ಕಾಯುವ ಅವಧಿ 24 ಗಂಟೆಗೆ ಏರಿತು, ಚಳಿಯೂ ಜೋರಾಗಿತ್ತು. ವೃದ್ಧರಿಗೆ, ಅಂಗವಿಕಲರಿಗೆ ಇದ್ದ ಪ್ರತ್ಯೇಕ ಸಾಲು ದರ್ಶನ ಮುಗಿಯುವ ಮೊದಲೇ ಭರ್ತಿಯಾಗಿ ಮುಚ್ಚಿತು. ಇಡೀ ವ್ಯವಸ್ಥೆಯಲ್ಲಿ ನಮಗೆ ಬೇಸರ ತಂದ ಲೋಪ ಇದೇ. ಹೆಚ್ಚು ಹೊತ್ತು ನಿಲ್ಲಲಾರದವರಿಗೆ ಇನ್ನಷ್ಟು ಸ್ಥಳ ಮೀಸಲಿಡಬೇಕಿತ್ತು.

ಅಷ್ಟು ಕಾದವರಿಗೆ ಒಳಗೆ ಎಷ್ಟು ಹೊತ್ತು ಸಿಗುತ್ತಿತ್ತು?

ಶವಪೆಟ್ಟಿಗೆಯ ಮುಂದೆ ಕೆಲವೇ ಸೆಕೆಂಡು. ಎರಡೂ ಬದಿಯಲ್ಲಿ ಸಾಲು ಸಾಗುತ್ತಿತ್ತು. ಛಾಯಾಚಿತ್ರ ತೆಗೆಯುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಕಾವಲುಗಾರರು 20 ನಿಮಿಷಕ್ಕೊಮ್ಮೆ ಬದಲಾಗುತ್ತಿದ್ದರು. ಆ ಗಳಿಗೆಯಲ್ಲಿ ಒಳಗಿದ್ದವರಿಗೆ ಸಾಲು ನಿಂತು ಸ್ವಲ್ಪ ಹೆಚ್ಚು ಸಮಯ ಸಿಗುತ್ತಿತ್ತು. ಏನು ಮಾಡಬೇಕೆಂಬ ನಿಯಮ ಇರಲಿಲ್ಲ. ಕೆಲವರು ತಲೆಬಾಗಿದರು, ಕೆಲವರು ಕೈಮುಗಿದರು, ಶಿಲುಬೆಯ ಗುರುತು ಮಾಡಿದರು, ಹಳೆಯ ಸೈನಿಕರು ಸೆಲ್ಯೂಟ್ ಹೊಡೆದರು. ಹೀಗೆ ನಿಯಮ ಹಾಕದೆ ಬಿಟ್ಟದ್ದೇ ಆ ಸಭಾಂಗಣದ ಮೌನಕ್ಕೆ ಘನತೆ ತಂದಿತು.

ಸ್ಕಾಟ್ಲೆಂಡಿನಲ್ಲೂ ಇದಕ್ಕೆ ಮೊದಲು ಒಂದು ದಿನ ದರ್ಶನ ನಡೆದಿತ್ತು. ಬಾಲ್ಮೋರಲ್‌ನಿಂದ ಎಡಿನ್‌ಬರೋಗೆ ಶವಯಾತ್ರೆ ಸುಮಾರು ಆರು ಗಂಟೆ ಸಾಗಿತು. ದಾರಿಯ ಹೊಲಗಳಲ್ಲಿ ರೈತರು ಟ್ರ್ಯಾಕ್ಟರ್‌ಗಳನ್ನು ಸಾಲಾಗಿ ನಿಲ್ಲಿಸಿ ಗೌರವ ತೋರಿದರು. ಸೇಂಟ್ ಜೈಲ್ಸ್ ಕೆಥೆಡ್ರಲ್‌ನಲ್ಲಿ ಸುಮಾರು 33,000 ಜನ ದರ್ಶನ ಪಡೆದರು.

ಹೂ ಇಡುವುದಕ್ಕೂ ನಿಯಮವೇ?

ಬೇಕು. ಲಂಡನ್ನಿನಲ್ಲಿ ಗ್ರೀನ್ ಪಾರ್ಕ್ ಮತ್ತು ಹೈಡ್ ಪಾರ್ಕ್‌ಗಳನ್ನು ಹೂವಿಗೆ ಗೊತ್ತುಮಾಡಿದರು. ಅರಮನೆಯ ಗೇಟಿನಲ್ಲಿ ಇಟ್ಟ ಹೂಗಳನ್ನೂ ಅಲ್ಲಿಗೇ ಸಾಗಿಸಿದರು. ಮುಖ್ಯ ವಿನಂತಿ ಒಂದೇ: ಪ್ಲಾಸ್ಟಿಕ್ ಹೊದಿಕೆ ತೆಗೆದು ಇಡಿ. ಹೊದಿಕೆಯೊಳಗೆ ಗಾಳಿಯಾಡದೆ ಹೂ ಬೇಗ ಬೆವೆತು ಕೊಳೆಯುತ್ತದೆ, ಆಮೇಲೆ ಗೊಬ್ಬರ ಮಾಡಲು ಒಂದೊಂದೇ ಗುಚ್ಛವನ್ನು ಕೈಯಿಂದ ಬಿಡಿಸಬೇಕಾಗುತ್ತದೆ. ಸ್ವಯಂಸೇವಕರು ಕತ್ತರಿ ಹಿಡಿದು ದಿನಗಟ್ಟಲೆ ಅದನ್ನೇ ಮಾಡಿದರು. ಬಲೂನು, ಮೇಣದಬತ್ತಿ ಬೇಡ ಎಂದಿದ್ದರು.

ಆ ವರ್ಷದ ಜೂನ್‌ನಲ್ಲಿ ಆಳ್ವಿಕೆಯ 70ನೇ ವರ್ಷದ ಸಂಭ್ರಮಕ್ಕೆಂದು ರಾಣಿ ಪ್ಯಾಡಿಂಗ್ಟನ್ ಕರಡಿಯ ಜೊತೆ ಒಂದು ಪುಟ್ಟ ದೃಶ್ಯದಲ್ಲಿ ಕಾಣಿಸಿಕೊಂಡಿದ್ದರು. ಅದರ ನೆನಪಿಗೆ ಜನ ಕರಡಿ ಗೊಂಬೆಗಳನ್ನೂ ಮಾರ್ಮಲೇಡ್ ಸ್ಯಾಂಡ್‌ವಿಚ್‌ಗಳನ್ನೂ ತಂದಿಟ್ಟರು. ಸ್ಯಾಂಡ್‌ವಿಚ್ ಇಡಬೇಡಿ, ಉದ್ಯಾನದ ಪ್ರಾಣಿಗಳಿಗೆ ಕೆಡುಕು ಎಂದು ಉದ್ಯಾನದವರು ಕೇಳಿಕೊಳ್ಳಬೇಕಾಯಿತು. 1,000ಕ್ಕೂ ಹೆಚ್ಚು ಗೊಂಬೆಗಳನ್ನು ಶುಚಿಮಾಡಿ ಮಕ್ಕಳ ಸೇವಾಸಂಸ್ಥೆಯೊಂದಕ್ಕೆ ಕೊಟ್ಟರು. ಹೂಗಳು ಗೊಬ್ಬರವಾಗಿ ಉದ್ಯಾನಗಳ ಮಣ್ಣಿಗೆ ಸೇರಿದವು.

ಧ್ವಜವನ್ನು ಅರ್ಧಕ್ಕೆ ಇಳಿಸುವ ಸರಿಯಾದ ಕ್ರಮ ಯಾವುದು?

ಮೊದಲು ಕಂಬದ ತುದಿಯವರೆಗೆ ಏರಿಸಿ, ಒಂದು ಕ್ಷಣ ನಿಲ್ಲಿಸಿ, ಆಮೇಲೆ ಇಳಿಸಬೇಕು. ಸಂಜೆ ತೆಗೆಯುವಾಗಲೂ ಮತ್ತೆ ತುದಿ ಮುಟ್ಟಿಸಿಯೇ ಕೆಳಗೆ ತರಬೇಕು. 'ಅರ್ಧ' ಎಂದರೂ ಬ್ರಿಟನ್ನಿನ ಪದ್ಧತಿಯಲ್ಲಿ ಧ್ವಜ ನಿಲ್ಲುವುದು ಕಂಬದ ಮೂರನೇ ಎರಡು ಭಾಗದ ಎತ್ತರದಲ್ಲಿ. ನಟ್ಟನಡುವೆ ಕಟ್ಟಿದರೆ ಹಗ್ಗ ಸಡಿಲವಾಗಿ ಜಾರಿದಂತೆ ಕಾಣುತ್ತದೆ. ಗೋಡೆಯಿಂದ ಓರೆಯಾಗಿ, ನೆಟ್ಟಗಿನ ರೇಖೆಗೆ 45 ಡಿಗ್ರಿಗಿಂತ ಹೆಚ್ಚು ವಾಲಿದ ಕಂಬದಲ್ಲಿ ಧ್ವಜವನ್ನು ಅರ್ಧಕ್ಕೆ ಇಳಿಸಲಾಗದು, ಅಂಥ ಕಂಬವನ್ನು ಬರಿದಾಗಿ ಬಿಡುವುದು ವಾಡಿಕೆ.

ಸೆಪ್ಟೆಂಬರ್ 10ರಂದು ಬೆಳಗ್ಗೆ 11ಕ್ಕೆ ಧ್ವಜಗಳೆಲ್ಲ ಮತ್ತೆ ಪೂರ್ತಿ ಏರಿದ್ದನ್ನು ಕಂಡು ಅನೇಕರು ತಪ್ಪಾಯಿತೆಂದುಕೊಂಡರು. ತಪ್ಪಲ್ಲ. ಮೂರನೇ ಚಾರ್ಲ್ಸ್ ದೊರೆಯೆಂದು ಸಾರುವ ಘೋಷಣೆಗಾಗಿ ಮರುದಿನ ಮಧ್ಯಾಹ್ನ 1ರವರೆಗೆ ಹಾಗೆ ಏರಿಸಿ, ಮತ್ತೆ ಇಳಿಸಿದರು. ರಾಜಧ್ವಜವಾದ ರಾಯಲ್ ಸ್ಟ್ಯಾಂಡರ್ಡ್ ಮಾತ್ರ ಎಂದೂ ಅರ್ಧಕ್ಕಿಳಿಯುವುದಿಲ್ಲ. ಸಿಂಹಾಸನ ಒಂದು ಗಳಿಗೆಯೂ ಖಾಲಿಯಿರುವುದಿಲ್ಲ ಎಂಬುದು ಅದರ ಅರ್ಥ.

ತೋಪು, ಗಂಟೆ, ಮೌನ?

ಸೆಪ್ಟೆಂಬರ್ 9ರಂದು ವಯಸ್ಸಿನ ವರ್ಷಕ್ಕೊಂದರಂತೆ 96 ತೋಪು ಹಾರಿಸಿದರು. ಚರ್ಚುಗಳಲ್ಲಿ ಗಂಟೆಯ ನಾಲಗೆಗೆ ಚರ್ಮದ ಮೆತ್ತೆ ಕಟ್ಟಿ, ಸದ್ದು ಮಂದವಾಗುವಂತೆ ಬಾರಿಸಿದರು. ಅಂತ್ಯಕ್ರಿಯೆಯ ಕೊನೆಗೆ ಎರಡು ನಿಮಿಷ ಮೌನ. ಅದು ಕದಡದಿರಲೆಂದು ಹೀಥ್ರೂ ವಿಮಾನ ನಿಲ್ದಾಣ ಆ ದಿನದ ಹಾರಾಟದಲ್ಲಿ ಸುಮಾರು 15% ಕಡಿತ ಮಾಡಿತು.

ದುಃಖವೇ ಆಗದವರು, ವಿರೋಧಿಸಿದವರು ಇರಲಿಲ್ಲವೇ?

ಇದ್ದರು. ಅವರ ಪ್ರತಿಕ್ರಿಯೆಯೂ ಸಾರ್ವಜನಿಕ ಪ್ರತಿಕ್ರಿಯೆಯ ಭಾಗವೇ. ಎಡಿನ್‌ಬರೋದಲ್ಲಿ ರಾಜಪ್ರಭುತ್ವ ತೊಲಗಲಿ ಎಂಬ ಫಲಕ ಹಿಡಿದವರನ್ನು, ಆಕ್ಸ್‌ಫರ್ಡ್‌ನಲ್ಲಿ ಘೋಷಣೆಯ ಹೊತ್ತಿಗೆ 'ಇವರನ್ನು ಆರಿಸಿದವರು ಯಾರು' ಎಂದು ಕೂಗಿದವರನ್ನು ಪೊಲೀಸರು ಬಂಧಿಸಿದರು. ಲಂಡನ್ನಿನಲ್ಲಿ ಬರೀ ಬಿಳಿ ಹಾಳೆ ಹಿಡಿದಿದ್ದ ವಕೀಲರೊಬ್ಬರನ್ನು ಪೊಲೀಸರು ಪ್ರಶ್ನಿಸಿದ ಮೇಲೆ ಟೀಕೆ ಜೋರಾಯಿತು. ಪ್ರತಿಭಟನೆ ಜನರ ಹಕ್ಕು ಎಂದು ಲಂಡನ್ ಪೊಲೀಸರು ಹೇಳಿಕೆ ಕೊಟ್ಟರು. ಶೋಕಿಸುವವರ ಮುಖದ ಮುಂದೆ ಕೂಗುವುದು ನೋವು ತರುತ್ತದೆ ಎಂಬುದು ನಿಜ. ಆದರೆ ನೋವಿನ ಮಾತೆಲ್ಲ ಅಪರಾಧವಲ್ಲ.

ಹಿಂದಿನ ವಸಾಹತುಗಳಲ್ಲಿ ಪ್ರತಿಕ್ರಿಯೆ ಹೇಗಿತ್ತು?

ಒಂದೇ ದೇಶದೊಳಗೇ ಎರಡು ಥರ. ಕೀನ್ಯಾವನ್ನೇ ನೋಡಿ. ತಂದೆ ತೀರಿಕೊಂಡು ಎಲಿಜಬೆತ್ ರಾಣಿಯಾದಾಗ ಅವರು ಇದ್ದದ್ದು ಅಲ್ಲೇ. ಅದೇ 1952ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ಹೋರಾಟವನ್ನು ಅಡಗಿಸಲು ಅಲ್ಲಿ ತುರ್ತುಸ್ಥಿತಿ ಹೇರಿದರು. ಆ ಕಾಲದ ಚಿತ್ರಹಿಂಸೆಗೆ ಬ್ರಿಟಿಷ್ ಸರ್ಕಾರ ವಿಷಾದ ಹೇಳಿ 5,228 ಜನರಿಗೆ 1.99 ಕೋಟಿ ಪೌಂಡ್ ಪರಿಹಾರ ಒಪ್ಪಿಕೊಂಡದ್ದು 2013ರಲ್ಲಿ. ಹೀಗಾಗಿ 2022ರಲ್ಲಿ ಕೀನ್ಯಾ ಸರ್ಕಾರ ನಾಲ್ಕು ದಿನ ಶೋಕ ಘೋಷಿಸಿದರೂ ಅನೇಕ ಕೀನ್ಯನ್ನರು ತಮ್ಮ ಅಜ್ಜ ಅಜ್ಜಿಯರ ಸಂಕಟವನ್ನೇ ನೆನೆದರು. ಭಾರತ ಸೆಪ್ಟೆಂಬರ್ 11ರಂದು ಒಂದು ದಿನದ ಶೋಕಾಚರಣೆ ನಡೆಸಿತು. ಸಾಮಾಜಿಕ ಜಾಲತಾಣಗಳಲ್ಲಿ ಕೊಹಿನೂರ್ ವಾಪಸ್ ಕೊಡಿ ಎಂಬ ಕೂಗೂ ಎದ್ದಿತು. ಆಸ್ಟ್ರೇಲಿಯಾದಲ್ಲಿ ಸೆಪ್ಟೆಂಬರ್ 22ರ ಶೋಕದ ರಜೆಯಂದೇ ಮೂಲನಿವಾಸಿಗಳು ಮೆರವಣಿಗೆ ನಡೆಸಿದರು.

ಹಾಂಗ್‌ಕಾಂಗ್ ಕಥೆ ಬೇರೆ. ಬ್ರಿಟಿಷ್ ಕಾನ್ಸುಲೇಟ್ ಮುಂದೆ ಜನ ಗಂಟೆಗಟ್ಟಲೆ ಸಾಲು ನಿಂತು ಹೂ ಇಟ್ಟರು. ಬೇರೆ ರೀತಿಯ ಸಭೆಗಳಿಗೆ ಅವಕಾಶವಿಲ್ಲದ ಕಡೆ ಶೋಕಸಭೆಯೇ ಮಾತಾಗುತ್ತದೆ. ಅಲ್ಲಿ ಪ್ರತಿಭಟನೆಯ ಹಾಡನ್ನು ಹಾರ್ಮೋನಿಕಾದಲ್ಲಿ ನುಡಿಸಿದವರೊಬ್ಬರ ಬಂಧನವಾಯಿತು.

ಥಾಯ್ಲೆಂಡಿನಲ್ಲಿ ಒಂದು ವರ್ಷ ಕಪ್ಪು ಬಟ್ಟೆ ಕಡ್ಡಾಯವಾಗಿತ್ತೇ?

ಭೂಮಿಬೋಲ್ ದೊರೆ 2016ರ ಅಕ್ಟೋಬರ್ 13ರಂದು, 70 ವರ್ಷದ ಆಳ್ವಿಕೆಯ ನಂತರ ತೀರಿಕೊಂಡರು. ಸರ್ಕಾರಿ ನೌಕರರಿಗೆ ಒಂದು ವರ್ಷದ ಶೋಕ, ಜನಸಾಮಾನ್ಯರು 30 ದಿನ ಸಂಭ್ರಮದ ಕಾರ್ಯಕ್ರಮ ನಡೆಸದಂತೆ ಮನವಿ. ಕೆಲವೇ ದಿನಗಳಲ್ಲಿ ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದು ಬೆಲೆ ಏರಿತು. ಆಗ ಬೀದಿಬೀದಿಯಲ್ಲಿ ದೊಡ್ಡ ಹಂಡೆಗಳಲ್ಲಿ ಬಣ್ಣ ಕುದಿಸಿ, ಜನ ತಂದ ಹಳೆಯ ಬಟ್ಟೆಗಳನ್ನು ಉಚಿತವಾಗಿ ಕಪ್ಪಾಗಿಸಿಕೊಟ್ಟರು. ಕಪ್ಪು ಧರಿಸದವರನ್ನು ಕೆಲವರು ಹೀಯಾಳಿಸತೊಡಗಿದಾಗ, ಎಲ್ಲರಿಗೂ ಕೊಳ್ಳುವ ಶಕ್ತಿ ಇರುವುದಿಲ್ಲ, ಕಪ್ಪು ರಿಬ್ಬನ್ ಸಾಕು ಎಂದು ಸರ್ಕಾರವೇ ಹೇಳಬೇಕಾಯಿತು.

ಅರಮನೆಯಲ್ಲಿ ಸುಮಾರು ಒಂದು ವರ್ಷ ನಡೆದ ದರ್ಶನಕ್ಕೆ 1.2 ಕೋಟಿಗೂ ಹೆಚ್ಚು ಜನ ಬಂದರು. ಸ್ವಯಂಸೇವಕರು ಉಚಿತ ಊಟ, ನೀರು ಹಂಚಿದರು. ದೊರೆ ಹುಟ್ಟಿದ ಸೋಮವಾರದ ಬಣ್ಣ ಹಳದಿ. ಹಾಗಾಗಿ 2017ರ ಅಕ್ಟೋಬರ್ 26ರ ದಹನದ ಹೊತ್ತಿಗೆ ಅರಳುವಂತೆ ದೇಶದ ತುಂಬ ಚೆಂಡುಹೂ ಬೆಳೆಸಿದರು.

ಈ ಶೋಕದ ನಿಜವನ್ನು ನಾವು ಅನುಮಾನಿಸುವುದಿಲ್ಲ. ಆದರೆ ದೊರೆಯನ್ನು ಅವಮಾನಿಸಿದರೆ 3ರಿಂದ 15 ವರ್ಷ ಸೆರೆ ವಿಧಿಸುವ ಕಾನೂನು ಅಲ್ಲಿದೆ ಎಂಬುದನ್ನು ಮರೆಯಬಾರದು. ಫೇಸ್‌ಬುಕ್ ಬರಹಕ್ಕಾಗಿ ಕೆಲವರ ಮನೆಗಳನ್ನು ಗುಂಪುಗಳು ಮುತ್ತಿದವು. ಮೌನವಾಗಿದ್ದವರ ಮನಸ್ಸಿನಲ್ಲಿ ಏನಿತ್ತೆಂದು ಅಂಥ ಕಡೆ ಲೆಕ್ಕ ಹಾಕಲಾಗದು.

ಜಪಾನಿನ 'ಜಿಶುಕು' ಎಂದರೇನು?

ತಮಗೆ ತಾವೇ ಹಾಕಿಕೊಳ್ಳುವ ಕಟ್ಟು. 62 ವರ್ಷ ಆಳಿದ ಹಿರೋಹಿತೊ 1988ರ ಸೆಪ್ಟೆಂಬರ್‌ನಲ್ಲಿ ಹಾಸಿಗೆ ಹಿಡಿದಾಗಲೇ ಹಬ್ಬ, ಮದುವೆಯ ಔತಣ, ಶಾಲೆಯ ಕ್ರೀಡೋತ್ಸವಗಳು ರದ್ದಾಗತೊಡಗಿದವು. 'ಎಲ್ಲರೂ ಚೆನ್ನಾಗಿದ್ದೀರಾ' ಎಂದು ಕೇಳುವ ಕಾರಿನ ಜಾಹೀರಾತಿನಿಂದ ಆ ಮಾತಿನ ಧ್ವನಿಯನ್ನೇ ತೆಗೆದರು. 1989ರ ಜನವರಿ 7ರಂದು ಅವರು ತೀರಿಕೊಂಡ ಮೇಲೆ ಟಿವಿಯಲ್ಲಿ ಎರಡು ದಿನ ಬೇರೇನೂ ಇಲ್ಲದೆ ಹೋದಾಗ ಜನ ವಿಡಿಯೊ ಬಾಡಿಗೆ ಅಂಗಡಿಗಳಿಗೆ ಮುಗಿಬಿದ್ದರು. ಎರಡನೇ ಮಹಾಯುದ್ಧದ ಹೊಣೆ ಚಕ್ರವರ್ತಿಗೂ ಇದೆ ಎಂದು 1988ರ ಡಿಸೆಂಬರ್‌ನಲ್ಲಿ ಹೇಳಿದ ನಾಗಸಾಕಿಯ ಮೇಯರ್ ಮೊತೊಶಿಮಾ ಹಿತೋಶಿ ಅವರ ಮೇಲೆ 1990ರ ಜನವರಿಯಲ್ಲಿ ಗುಂಡು ಹಾರಿಸಿದರು. ಅವರು ಬದುಕುಳಿದರು.

2022ರ ಅಂತ್ಯಕ್ರಿಯೆಗೆ ಖರ್ಚೆಷ್ಟಾಯಿತು?

ಬ್ರಿಟನ್ನಿನ ಖಜಾನೆ ಇಲಾಖೆ ಮರುವರ್ಷ ಪ್ರಕಟಿಸಿದ ಅಂದಾಜು ಸುಮಾರು 16.2 ಕೋಟಿ ಪೌಂಡ್. ಇದರಲ್ಲಿ ಅತಿ ದೊಡ್ಡ ಪಾಲು, 7 ಕೋಟಿಗೂ ಹೆಚ್ಚು, ಪೊಲೀಸ್ ವ್ಯವಸ್ಥೆ ನೋಡಿಕೊಳ್ಳುವ ಗೃಹ ಇಲಾಖೆಯದು.

ರಾಣಿಯ ಮುಖವಿರುವ ನಾಣ್ಯ, ನೋಟು ಈಗ ಚಲಾವಣೆಯಲ್ಲಿವೆಯೇ?

ಇವೆ. ಬ್ರಿಟನ್ನಿನಲ್ಲಿ ಅವರ ಮುಖದ ಸುಮಾರು 2,700 ಕೋಟಿ ನಾಣ್ಯಗಳು ಚಲಾವಣೆಯಲ್ಲಿದ್ದವು. ಸವೆದಂತೆ ಮಾತ್ರ ಬದಲಾಗುತ್ತವೆ. ಚಾರ್ಲ್ಸ್ ಮುಖದ 50 ಪೆನ್ಸ್ ನಾಣ್ಯ 2022ರ ಡಿಸೆಂಬರ್‌ನಲ್ಲಿ, ನೋಟುಗಳು 2024ರ ಜೂನ್‌ನಲ್ಲಿ ಬಂದವು. ಹಳೆಯ ನೋಟು ಇಟ್ಟುಕೊಂಡವರು ಗಾಬರಿಯಿಂದ ಬದಲಿಸಿಕೊಳ್ಳಬೇಕಿಲ್ಲ, ಎರಡೂ ಜೊತೆಜೊತೆಗೆ ನಡೆಯುತ್ತವೆ. ರಾಣಿಯ ಮುದ್ರೆಯಿರುವ ಕೆಂಪು ಅಂಚೆಪೆಟ್ಟಿಗೆಗಳನ್ನು ಯಾರೂ ಕೀಳುವುದಿಲ್ಲ. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆಯ ಪೆಟ್ಟಿಗೆಗಳಲ್ಲೇ ಜನ ಇನ್ನೂ ಕಾಗದ ಹಾಕುತ್ತಿದ್ದಾರೆ.